ಚೀಲದಲ್ಲಿ ಎರಡು ಅಂಗಿ

ಪಂಕಜ: ಯಾವ ಬಸ್ಸು?

ನಾನು: ಅದು ಮುಖ್ಯ ಅಲ್ಲ ಪಂಕಜ.

ಪಂಕಜ: ನನಗೆ ಮುಖ್ಯ. 'ಬಸ್ಸು ಬಂತು' ಅಂತ ಬರ್ದಿದ್ದೀರಿ. ಪುತ್ತೂರಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಒಂದೇ ಬಸ್ಸು ಬರುದಾ? ಸುಳ್ಯದ್ದುಂಟು, ಕಡಬದ್ದುಂಟು, ಈಶ್ವರಮಂಗಲದ್ದುಂಟು. ಯಾವುದು?

ನಾನು: ಬಸ್ಸು ಅಂದ್ರೆ ಬಸ್ಸು. ಕತೆಯಲ್ಲಿ ಅದು ಒಂದು ಹೋಗುವಿಕೆ.

ಪಂಕಜ: ಹೋಗುವಿಕೆಗೆ ಬೋರ್ಡು ಇರುದಿಲ್ಲವಾ?

ಭಾನುವಾರ ಬೆಳಿಗ್ಗೆ ಏಳೂವರೆಗೆ ಶುರುವಾದ ಈ ವಿಚಾರಣೆ ಒಂಬತ್ತು ಗಂಟೆಯಾದರೂ ಬಸ್‌ಸ್ಟ್ಯಾಂಡ್ ಬಿಟ್ಟು ಹೊರಟಿರಲಿಲ್ಲ. ಪಂಕಜಾಕ್ಷಿ ಹೊಲಿಗೆ ಮೆಷಿನಿನ ಮುಂದೆ ಕುಳಿತಿದ್ದಳು. ಕುತ್ತಿಗೆಯಲ್ಲಿ ಅಳತೆಯ ಟೇಪು, ಮಡಿಲಲ್ಲಿ ಗಿರಾಕಿ ಫೌಝಿಯಾಳ ರವಿಕೆ, ರವಿಕೆಯ ಮೇಲೆ ನನ್ನ ಕತೆ ಅಚ್ಚಾದ ವಾರಪತ್ರಿಕೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಗಳ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅರ್ಧ ಬಿಟ್ಟಿದ್ದೇನೆ. ಬಿಟ್ಟದ್ದು ಕಲೆಗಾಗಿ ಅಲ್ಲ, ಮರ್ಯಾದೆಗಾಗಿ.

ನಾನು ಮಹಾಬಲ ರೈ. ಪುತ್ತೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಸಣ್ಣ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ದಸ್ತಾವೇಜು ಬರೆಯುತ್ತಿದ್ದೇನೆ. ಐದು ಸೆಂಟ್ಸ್ ಜಾಗ ಮಾರುವವನಿಗೂ ಆರು ಪುಟ ಬರೆದುಕೊಡುವವನು ನಾನು. ಪೂರ್ವಕ್ಕೆ ಯಾರ ಬೇಲಿ, ಪಶ್ಚಿಮಕ್ಕೆ ಯಾವ ತೋಡು, ಮಾಮೂಲು ದಾರಿ ಯಾವುದು, ನೀರಿನ ಹಕ್ಕು ಯಾರದ್ದು, ಎಲ್ಲವೂ ಅದರಲ್ಲಿರಬೇಕು. ಹಗಲಿಡೀ ಒಂದನ್ನೂ ಬಿಡದೆ ಬರೆದು ಮನೆಗೆ ಬಂದವನಿಗೆ ಎಲ್ಲವನ್ನೂ ಬಿಟ್ಟು ಬರೆಯುವ ಚಪಲ ಹತ್ತಿತು. ಸಣ್ಣ ಜನ, ಸಣ್ಣ ಕಷ್ಟ, ಸಣ್ಣ ವಾಕ್ಯ. ಓದಿದವನು ಉಳಿದದ್ದನ್ನು ತಾನೇ ತುಂಬಿಕೊಳ್ಳಬೇಕು. ಇಂಥ ಕತೆ ಬರೆಯುವವನೆಂದು ನನ್ನ ಬಗ್ಗೆ ನನಗೆ ದೊಡ್ಡ ಅಭಿಪ್ರಾಯವಿತ್ತು. ಬೇರೆ ಯಾರಿಗೂ ಇರಲಿಲ್ಲ.

'ಚೀಲ' ಎಂಬ ಈ ಕತೆಯನ್ನು ನಾನು ಮೊದಲು ನಲವತ್ತೆರಡು ಪುಟ ಬರೆದಿದ್ದೆ. ಐದು ತಿಂಗಳು ಕೂತು ಕಡಿದೆ. ಕೊನೆಗೆ ಉಳಿದದ್ದು ಇಷ್ಟು:

'ಆಕೆ ದೋಸೆ ಹೊಯ್ದಳು. ಆತ ಚೀಲ ಎತ್ತಿಕೊಂಡ. ಚೀಲದಲ್ಲಿ ಎರಡು ಅಂಗಿ ಇದ್ದವು. ಯಾರೂ ಏನೂ ಹೇಳಲಿಲ್ಲ. ಬಸ್ಸು ಬಂತು. ಬಟ್ಟಲಲ್ಲಿ ಚಟ್ನಿ ಹಾಗೆಯೇ ಉಳಿಯಿತು.'

ಪತ್ರಿಕೆಯವರು ಇದನ್ನು ಕುಕ್ಕರಿನ ಜಾಹೀರಾತಿನ ಪಕ್ಕ ಒಂದು ಚೌಕದೊಳಗೆ ಹಾಕಿದ್ದರು. ಕೆಳಗೆ ಸಂಪಾದಕರ ಟಿಪ್ಪಣಿ, ಅದು ಶುರುವಾದದ್ದು ಹೀಗೆ: 'ಉಳಿದ ಚಟ್ನಿಯಲ್ಲಿ ಇಡೀ ದಾಂಪತ್ಯದ ಶೂನ್ಯ ಕಾಣುತ್ತದೆ.' ಟಿಪ್ಪಣಿ ಕತೆಗಿಂತ ಎರಡು ಸಾಲು ಉದ್ದವಿತ್ತು. ಅದನ್ನು ನಾನು ಕನ್ನಡಿಯ ಮುಂದೆ ನಿಂತು ನಾಲ್ಕು ಸಲ ಓದಿದ್ದೆ.

ಪಂಕಜ: 'ಯಾರೂ ಏನೂ ಹೇಳಲಿಲ್ಲ.' ಇದು ಯಾರ ಮನೆಯಲ್ಲಿ?

ನಾನು: ಯಾರ ಮನೆ ಅಂತ ಇಲ್ಲ. ಕತೆಯಲ್ಲಿ.

ಪಂಕಜ: ದೋಸೆ ಕಾವಲಿ ನನ್ನದು. ಚಟ್ನಿ ಬಟ್ಟಲು ನನ್ನ ತವರಿಂದ ಬಂದದ್ದು. ಚೀಲ ನಿಮ್ಮದು. ನಾನು ಅಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ? ನೀವು ಸಿಟ್ಟಲ್ಲಿ ಹೊರಟ ಆ ದಿನ ಬೆಳಿಗ್ಗೆ ನಾನು ಎಷ್ಟು ಮಾತಾಡಿದ್ದೇನೆ ಅಂತ ಆಚೆಮನೆಯವರಿಗೂ ಗೊತ್ತುಂಟು.

ನಾನು: ಅದನ್ನೆಲ್ಲ ಬರೆದ್ರೆ ಕತೆಯ ಸಂಯಮ ಹಾಳಾಗ್ತದೆ.

ಪಂಕಜ: ರವಿಕೆಗೆ ಕೈ ಬಿಟ್ಟು ಹೊಲಿದು, ಇದು ಸಂಯಮ ಅಂತ ನಾನು ಫೌಝಿಯಾಳಿಗೆ ಹೇಳ್ಲಿಕ್ಕೆ ಆಗ್ತದಾ?

ನಾನು: ಕೈ ಇಲ್ಲದ ರವಿಕೆಯೂ ಫ್ಯಾಷನ್ ಉಂಟಲ್ಲ.

ಪಂಕಜ: ಅದನ್ನು ಹೊಲಿಸುವವರು ಕೈ ಬೇಡ ಅಂತ ಮೊದಲೇ ಹೇಳ್ತಾರೆ. ನಿಮ್ಮ ಹಾಗೆ ಹೊಲಿದು ಕೊಟ್ಟ ಮೇಲೆ, ಕೈ ನೀವೇ ಗ್ರಹಿಸಿಕೊಳ್ಳಿ ಅಂತ ಹೇಳುದಿಲ್ಲ.

ಮೂರು ದಿನಗಳಿಂದ ನಮ್ಮ ಮನೆಗೆ ಫೋನು ಬರುತ್ತಿತ್ತು. ಕೆದಂಬಾಡಿಯ ಚಿಕ್ಕಮ್ಮ ಕತೆ ಓದಿ, ಮಹಾಬಲನಿಗೆ ಶುಗರ್ ಬಂದಿರಬೇಕು, ಅದಕ್ಕೇ ದೋಸೆ ಬಿಟ್ಟಿದ್ದಾನೆ ಎಂದು ತೀರ್ಮಾನಿಸಿ ಹಾಗಲಕಾಯಿ ಕಳಿಸಿದ್ದರು. ಕಡಬದಲ್ಲಿರುವ ನನ್ನ ಅಕ್ಕ, ಮನೆಯಲ್ಲಿ ಗ್ಯಾಸ್ ಮುಗಿದಿತ್ತಾ ಎಂದು ಕೇಳಿದಳು. ಫೌಝಿಯಾ ಬಾಗಿಲಲ್ಲೇ ನಿಂತು, ಅಕ್ಕ, ನೀವು ತವರಿಗೆ ಹೋಗುದಾದ್ರೆ ಮೊದಲು ನನ್ನ ರವಿಕೆ ಮುಗಿಸಿ ಕೊಡಿ ಎಂದಿದ್ದಳು.

ನಾನು: ನೋಡಿದೆಯಾ? ಒಬ್ಬೊಬ್ಬರು ಒಂದೊಂದು ಕತೆ ಕಟ್ಟಿಕೊಂಡಿದ್ದಾರೆ. ಇದೇ ನನ್ನ ಯಶಸ್ಸು.

ಪಂಕಜ: ನಿಮ್ಮ ಯಶಸ್ಸಿಗೆ ಉತ್ತರ ಕೊಟ್ಟು ಕೊಟ್ಟು ನನ್ನ ಮಂಡೆ ಬೆಚ್ಚ ಆಗಿದೆ. ಸಮ ಉಂಟು, ಎಲ್ಲ ಸಮ ಉಂಟು ಅಂತ ಎಷ್ಟು ಜನಕ್ಕೆ ಹೇಳುದು? ನನಗೇ ಗೊತ್ತಿಲ್ಲ ಸಮ ಉಂಟಾ ಇಲ್ಲವಾ ಅಂತ.

ಕೊನೆಯ ವಾಕ್ಯವನ್ನು ಅವಳು ಮೆಷಿನಿಗೆ ಹೇಳಿದಂತೆ ಹೇಳಿದಳು. ನಾನು ಕೇಳಿಸಿಕೊಂಡೆ, ಆದರೆ ಕೇಳಿಸದವನ ಹಾಗೆ ಕೂತೆ. ಈ ವಿದ್ಯೆಯಲ್ಲಿ ನನಗೆ ಮೂವತ್ತು ವರ್ಷದ ಅನುಭವವಿದೆ.

ಅಷ್ಟರಲ್ಲಿ ಗೇಟು ಸದ್ದಾಯಿತು. ಬಂದವರು ಶ್ಯಾಮ ಭಾವ, ಪಂಕಜಳ ಅಣ್ಣ. ಮಂಡೆಕೋಲಿನಿಂದ ಮೊದಲ ಬಸ್ಸಿಗೆ ಹೊರಟು, ಸುಳ್ಯದಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಒಂದು ಕೈಯಲ್ಲಿ ಕದಳಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರು. ಚಪ್ಪಲಿ ಬಿಡುವ ಮೊದಲೇ ಮನೆಯೊಳಗೆ ಕಣ್ಣಾಡಿಸಿದರು.

ಭಾವ: ಸಾಮಾನೆಲ್ಲ ಇಲ್ಲೇ ಉಂಟಲ್ಲ ಭಾವ. ಸಾಗಿಸಿ ಆಗಲಿಲ್ಲವಾ?

ನಾನು: ಯಾವ ಸಾಮಾನು? ಎಲ್ಲಿಗೆ?

ಭಾವ: ನೀವು ಬೇರೆ ಹೋದದ್ದಲ್ವಾ? ಪತ್ರಿಕೆಯಲ್ಲೇ ಬಂದಿದೆ.

ನಾನು: ಅದು ಕತೆ ಭಾವ.

ಭಾವ: ಬರೆದದ್ದು ನೀವಲ್ವಾ?

ನಾನು: ನಾನೇ.

ಭಾವ: ಹಾಗಾದ್ರೆ ಅದು ಸುಳ್ಳಾಗುದು ಹೇಗೆ? ನಮ್ಮ ಪಾಲುಪಟ್ಟಿ ಬರೆದದ್ದು ನೀವು. ಹದಿನಾರು ಪುಟ. ಒಂದು ತೆಂಗಿನ ಮರ ಬಿಡ್ಲಿಲ್ಲ. ಬಾವಿಕಟ್ಟೆಯ ಕಲ್ಲಲ್ಲಿ ಯಾವ ದಿನ ಯಾರು ಬಟ್ಟೆ ಒಗೆಯುದು ಅಂತ ಸಹ ಬರ್ದಿದ್ದಿರಿ. ಇವತ್ತಿನವರೆಗೆ ತಮ್ಮನಿಗೂ ನನಗೂ ಒಂದು ಮಾತು ಬಂದದ್ದಿಲ್ಲ. ನೀವು ಕಾಗದದಲ್ಲಿ ಇಟ್ಟದ್ದು ಅಂದ್ರೆ ನಮ್ಮಲ್ಲಿ ಯಾರೂ ಎರಡನೇ ಸಲ ಕೇಳುದಿಲ್ಲ.

ಭಾವನನ್ನು ಕೂರಿಸಿ, ಪಂಕಜ ಚಾ ತಂದಳು. ಭಾವ ಚಾ ಕುಡಿಯುತ್ತ ನನ್ನನ್ನು ಕಾಯಿಲೆಯವನನ್ನು ನೋಡುವ ಹಾಗೆ ನೋಡಿದರು.

ಭಾವ: ಒಂದು ಹೇಳ್ಬೇಕು ಭಾವ. ನಾನು ಅದನ್ನು ಮೂರು ಸಲ ಓದಿದೆ. ಸಣ್ಣದಲ್ವಾ, ಬೇಗ ಮುಗೀತದೆ. ಆದ್ರೆ ಮತ್ತೆ ನಿದ್ದೆ ಬರ್ಲಿಲ್ಲ.

ನಾನು: ಅದೇ ಅದರ ಗುಣ. ಕೇಳಿದೆಯಾ ಪಂಕಜ?

ಪಂಕಜ: ಸೊಳ್ಳೆ ಕಚ್ಚಿದ್ರೂ ನಿದ್ದೆ ಬರುದಿಲ್ಲ.

ಭಾವ: ಅಲ್ಲ, ನನಗೆ ಹೆದರಿಕೆ ಆದದ್ದು ಬೇರೆಯದಕ್ಕೆ. ಭಾವ ಇಷ್ಟು ಗಡಿಬಿಡಿಯಲ್ಲಿ ಬರೆದದ್ದನ್ನು ನಾನು ಕಂಡದ್ದೇ ಇಲ್ಲ. ದಿನಾಂಕ ಇಲ್ಲ. ಆಕೆ ಅಂದ್ರೆ ಯಾರ ಮಗಳು ಅಂತ ಇಲ್ಲ. ಆತನಿಗೆ ಪ್ರಾಯ ಎಷ್ಟು ಅಂತ ಇಲ್ಲ. ಚತುಃಸೀಮೆ ಅಂತೂ ಇಲ್ಲವೇ ಇಲ್ಲ. ಸಾಕ್ಷಿ ಒಬ್ಬ ಸಹ ಇಲ್ಲ.

ನಾನು: ಕತೆಗೆ ಸಾಕ್ಷಿ ಬೇಡ.

ಭಾವ: ದೋಸೆ ಎಷ್ಟು ಅಂತ ಆದ್ರೂ ಹಾಕ್ಬಹುದಿತ್ತು.

ಪಂಕಜ: ಅಣ್ಣ, ನೀನು ಸುಮ್ನೆ ಕೂತ್ಕೋ. ನಾನು ಕೇಳ್ತಾ ಇದ್ದೇನೆ. ಯಾವ ಬಸ್ಸು ಅಂತ ಇನ್ನೂ ಹೇಳ್ಲಿಲ್ಲ.

ಭಾವ ಪತ್ರಿಕೆ ತೆಗೆದುಕೊಂಡು, ಬೆರಳಿಟ್ಟು ಒಂದೊಂದೇ ವಾಕ್ಯ ಓದಿದರು. ಪಾಲುಪಟ್ಟಿ ಓದುವಾಗಲೂ ಅವರು ಹೀಗೇ ಓದಿದ್ದರು. ಮೂರನೆಯ ವಾಕ್ಯಕ್ಕೆ ಬಂದಾಗ ಮುಖ ಸ್ವಲ್ಪ ಸಡಿಲವಾಯಿತು.

ಭಾವ: ಇದೊಂದು ಸಮ ಬರ್ದಿದ್ದೀರಿ. ಚರ ಸೊತ್ತು, ಎರಡು ಅಂಗಿ. ಲೆಕ್ಕ ಉಂಟು.

ಪಂಕಜ ಪೆಡಲಿನ ಮೇಲಿಂದ ಕಾಲು ತೆಗೆದಳು.

ಪಂಕಜ: ಅದನ್ನೇ ಕೇಳ್ಬೇಕು ಅಂತ ಇದ್ದೆ. ಬಸ್ಸಿಂದ ಶುರು ಮಾಡಿದ್ದು ಧೈರ್ಯ ಬರ್ಲಿ ಅಂತ.

ನಾನು: ಏನನ್ನು?

ಪಂಕಜ: ಆ ದಿನ ನೀವು ಚೀಲ ಹಿಡ್ಕೊಂಡು ಹೋದದ್ದು ಕಂಡಿದ್ದೆ. ಯಾರದ್ದೋ ಜಾಗದ ಕಾಗದ ಅಂತ ಗ್ರಹಿಸಿದ್ದೆ. ಸಿಟ್ಟು ಬಂದು ಕೆಲಸಕ್ಕೆ ಬೇಗ ಹೋದ್ರು, ಸಂಜೆ ಬಂದ್ರು, ಅಲ್ಲಿಗೆ ಮುಗೀತು ಅಂತ. ಚೀಲದಲ್ಲಿ ಅಂಗಿ ಇತ್ತಾ?

ನಾನು: ಕತೆಯಲ್ಲಿ ಇತ್ತು.

ಪಂಕಜ: ಚೀಲದಲ್ಲಿ?

ನಾನು: ಅದು ಓದುಗರಿಗೆ ಬಿಟ್ಟದ್ದು.

ಪಂಕಜ: ನಾನು ಓದುಗರಲ್ಲ ಮಾರಾಯ್ರೆ. ನಿಮ್ಮ ಹೆಂಡತಿ.

ನಲವತ್ತೆರಡು ಪುಟದಲ್ಲಿ ಎಲ್ಲವನ್ನೂ ಕಡಿದವನು ಆ ಎರಡು ಅಂಗಿಯನ್ನು ಮಾತ್ರ ಯಾಕೆ ಉಳಿಸಿಕೊಂಡೆನೋ. ಆ ವಾಕ್ಯ ಬಹಳ ಚಂದ ಬಂದಿತ್ತು, ತೆಗೆಯಲು ಮನಸ್ಸಾಗಲಿಲ್ಲ. ಒಂದು ಚಂದದ ವಾಕ್ಯಕ್ಕಾಗಿ ಸಂಸಾರಕ್ಕೆ ಕೊಳ್ಳಿ ಇಟ್ಟ ಪುಣ್ಯಾತ್ಮ ನಾನು.

ನಾನು: ಹೇಳ್ಲಿಕ್ಕೆ ನೋಡ್ತೇನೆ ಪಂಕಜ. ಬಾಯಿಗೆ ಬರುದಿಲ್ಲ. ಇಂಥ ಕತೆಗಳು ನನಗೆ ಯಾಕೆ ಇಷ್ಟ ಅಂತ ಗೊತ್ತುಂಟಾ? ಅದರಲ್ಲಿ ಇರುವ ಜನಕ್ಕೂ ಹೇಳ್ಲಿಕ್ಕೆ ಬರುದಿಲ್ಲ. ಒಬ್ಬ ಫ್ಯಾನು ರಿಪೇರಿ ಮಾಡ್ತಾ ಇರ್ತಾನೆ, ಇನ್ನೊಬ್ಬಳು ಪಾತ್ರೆ ಒರೆಸ್ತಾ ಇರ್ತಾಳೆ. ಒಳಗೆ ಎಂತದೋ ಮುರಿದಿರ್ತದೆ. ಯಾರೂ ಬೊಬ್ಬೆ ಹೊಡೆಯುದಿಲ್ಲ. ಅದನ್ನು ಓದುವಾಗ ನಾನೊಬ್ಬನೇ ಹೀಗೆ ಅಲ್ಲ ಅಂತ ಸಮಾಧಾನ ಆಗ್ತದೆ.

ಪಂಕಜ: ನಿಮಗೆ ಸಮಾಧಾನ ಆಗ್ತದೆ. ಪಾತ್ರೆ ಒರೆಸುವವಳಿಗೆ?

ಭಾವ ಚಾದ ಲೋಟ ಕೆಳಗಿಟ್ಟು ಪ್ಲಾಸ್ಟಿಕ್ ಕವರು ಬಿಚ್ಚಿದರು. ಒಳಗಿಂದ ಒಂದು ಛಾಪಾ ಕಾಗದ ಹೊರಬಂತು. ಮೇಲೆ ಮೊದಲನೇ ಪಾರ್ಟಿ ಮಹಾಬಲ ರೈ, ಎರಡನೇ ಪಾರ್ಟಿ ಪಂಕಜಾಕ್ಷಿ ಎಂದು ಅಚ್ಚಾಗಿತ್ತು.

ಭಾವ: ನಿನ್ನೆಯೇ ಸೊಸೈಟಿಯಿಂದ ತೆಗೆದಿಟ್ಟದ್ದು. ಎಂತದಕ್ಕೆ ಅಂತ ಅಲ್ಲಿಯ ಹುಡುಗಿ ಕೇಳಿದ್ಲು. ಕತೆಗೆ ಅಂದೆ. ಅಂಥದ್ದು ಕಂಪ್ಯೂಟರಿನಲ್ಲಿ ಇಲ್ಲ ಅಂದ್ಲು. ಮತ್ತೆ ಒಪ್ಪಂದ ಅಂತ ಹಾಕಿಸಿದೆ. ಬರೀರಿ ಭಾವ. ನಿಮಗೆ ಬಾಯಲ್ಲಿ ಬರುದಿಲ್ಲ, ಕಾಗದದಲ್ಲಿ ಬರ್ತದೆ. ಇಪ್ಪತ್ತೆಂಟು ವರ್ಷದ ಅಭ್ಯಾಸ.

ಪಂಕಜ: ಬರೆಯಲಿ. ಆದ್ರೆ ಆಫೀಸಿನಲ್ಲಿ ಬರೆಯುವ ಹಾಗೆ. ಚೌಕದೊಳಗೆ ಹಾಕುವ ಹಾಗೆ ಅಲ್ಲ.

ನನಗೆ ನಿಜಕ್ಕೂ ಆಶ್ಚರ್ಯವಾದದ್ದು ಇಲ್ಲಿ. ಮೊದಲು ಬಿಳಿ ಹಾಳೆಯಲ್ಲಿ ಕರಡು ಮಾಡೋಣ ಎಂದು ಪೆನ್ನು ಹಿಡಿದದ್ದೇ ತಡ, ಏಳು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದು ಸರಾಗವಾಗಿ ಇಳಿದು ಬಂತು. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಪುಟ. ಭಾವ ಅಷ್ಟು ಹೊತ್ತು ಬಾಳೆಹಣ್ಣು ತಿಂದರು. ಆಮೇಲೆ ನಾನು ಗಂಟಲು ಸರಿ ಮಾಡಿಕೊಂಡು ಓದಿದೆ.

ನಾನು: 'ಪುತ್ತೂರು ಪರ್ಲಡ್ಕದಲ್ಲಿ ವಾಸವಾಗಿರುವ, ದಸ್ತಾವೇಜು ಬರಹದ ಮಹಾಬಲ ರೈ, ಪ್ರಾಯ ಐವತ್ತೇಳು ವರ್ಷ, ಆದ ನಾನು, ನನ್ನ ಧರ್ಮಪತ್ನಿ ಪಂಕಜಾಕ್ಷಿ, ಪ್ರಾಯ ಐವತ್ತೆರಡು ವರ್ಷ, ಇವರಿಗೆ ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತದಿಂದ ಬರೆದುಕೊಟ್ಟ ಪತ್ರದ ಕ್ರಮವೇನೆಂದರೆ...'

ಪಂಕಜ: ಪ್ರಾಯ ಬೇಡ.

ಭಾವ: ಪ್ರಾಯ ಇಲ್ಲದಿದ್ರೆ ಊರ್ಜಿತ ಆಗುದಿಲ್ಲ.

ಪಂಕಜ: ಮತ್ತೆ, ಯಾರ ಒತ್ತಾಯವೂ ಇಲ್ಲದೆ ಅಂತ ಇರುದು ಲೊಟ್ಟೆ.

ನಾನು: ಅದು ಎಲ್ಲ ಪತ್ರದಲ್ಲೂ ಇರುವ ಸುಳ್ಳು. ಮುಂದೆ ಕೇಳು. 'ಏಳು ತಿಂಗಳ ಹಿಂದಿನ ಒಂದು ಗುರುವಾರ ಬೆಳಿಗ್ಗೆ ನಾನು ಸ್ವಂತವಾಗಿ ರಚಿಸಿದ ಒಂದು ಸಣ್ಣ ಕತೆಯನ್ನು ಎರಡನೇ ಪಾರ್ಟಿಯವರು ದೋಸೆ ಹೊಯ್ಯುತ್ತಿರುವಾಗ ಓದಿ ಹೇಳಿದ್ದು, ಓದಿ ಮುಗಿದಾಗ ಸದರಿಯವರು "ಮತ್ತೆ?" ಎಂದು ಕೇಳಿರುತ್ತಾರೆ. ಮತ್ತೆ ಏನೂ ಇಲ್ಲವೆಂದು ತಿಳಿಸಲಾಗಿ, "ಹಾಗಾದ್ರೆ ಎಂತಕ್ಕೆ ಓದಿದ್ದು" ಎಂದು ಕೇಳಿರುತ್ತಾರೆ.'

ಭಾವ: ಇಷ್ಟಕ್ಕೆ ಮನೆ ಬಿಟ್ಟದ್ದಾ?

ನಾನು: ನಿಮಗೆ ಗೊತ್ತಾಗುದಿಲ್ಲ ಭಾವ. ಇಪ್ಪತ್ತು ವರ್ಷ ಬರೆದವನಿಗೆ 'ಮತ್ತೆ' ಅಂತ ಕೇಳಿದ್ರೆ ಹೇಗಾಗ್ತದೆ ಅಂತ.

ಪಂಕಜ: ದೋಸೆ ಹೊತ್ತಿ ಹೋಗ್ತಾ ಇತ್ತು. ಕತೆ ಮುಗೀತಾ ಅಂತ ಕೇಳಿದ್ದು ಅದು.

ನಾನು ಹಾಳೆ ಮಗುಚಿದೆ. ಆಮೇಲೆ ಓದಿದೆ.

ನಾನು: 'ಇದರಿಂದ ಮನನೊಂದು ನಾನು, ನೀಲಿ ಗೆರೆಯ ಒಂದು ಅಂಗಿ, ಬಿಳಿ ಅರ್ಧ ತೋಳಿನ ಒಂದು ಅಂಗಿ, ಒಟ್ಟು ಎರಡು ಅಂಗಿಗಳನ್ನು ಚೀಲದಲ್ಲಿ ಹಾಕಿಕೊಂಡು, ಮಡಿಕೇರಿಗೆ ಹೋಗಿ ಒಬ್ಬನೇ ಇದ್ದು ಬರೆಯುವ, ಬೇಗ ಹಿಂದೆ ಬಾರದಿರುವ ಇರಾದೆಯಿಂದ ಮನೆಯಿಂದ ಹೊರಟಿರುತ್ತೇನೆ.'

ಪಂಕಜ: ಬೇಗ ಅಂದ್ರೆ?

ನಾನು: ಆ ಹೊತ್ತಿಗೆ ಬರುದೇ ಬೇಡ ಅಂತ ಇತ್ತು.

ಪಂಕಜ: ಹಾಗೇ ಬರೀರಿ.

'ಬೇಗ' ಎಂಬುದನ್ನು ಹೊಡೆದುಹಾಕಿದೆ. ಅವಳು ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು. ಭಾವನೂ ಬಾಳೆಹಣ್ಣು ಸುಲಿಯುವುದನ್ನು ನಿಲ್ಲಿಸಿದ್ದರು.

ನಾನು: 'ನಾನು ಗೇಟು ದಾಟುವಾಗ ಎರಡನೇ ಪಾರ್ಟಿಯವರು ಹಿಂದಿನಿಂದ ಕರೆದರು. ಅಂಗಲಾಚುತ್ತಿದ್ದಾರೆಂದು ತಿಳಿದು, ಸ್ವಾಭಿಮಾನದಿಂದ ನಾನು ತಿರುಗಿ ನೋಡಿರುವುದಿಲ್ಲ.'

ಪಂಕಜ: ಕನ್ನಡಕ ಬಿಟ್ಟು ಹೋಗ್ತಾ ಇದ್ದೀರಿ ಅಂತ ಕರೆದದ್ದು. ದೋಸೆ ಬಟ್ಟಲಿನ ಪಕ್ಕ ಇತ್ತು.

ನಾನು: ಅದು ಮುಂದಿನ ಪುಟದಲ್ಲಿ ಉಂಟು. 'ಕನ್ನಡಕವಿಲ್ಲದ ಕಾರಣ ಬೋರ್ಡು ಓದಲಾಗದೆ, ಯಾರನ್ನಾದರೂ ಕೇಳಲು ಮನಸ್ಸಾಗದೆ, ಮೊದಲು ಬಂದ ಬಸ್ಸು ಹತ್ತಿದೆ. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದಾಗ ಗಾಂಭೀರ್ಯದಿಂದ "ಕೊನೆಗೆ" ಎಂದು ಹೇಳಿದೆ. ಸದರಿ ಬಸ್ಸು ಮಡಿಕೇರಿಯದ್ದಾಗಿರದೆ ಈಶ್ವರಮಂಗಲದ್ದಾಗಿತ್ತು. ಒಂದು ಗಂಟೆಯ ಒಳಗೆ ಕೊನೆ ಬಂತು.'

ಭಾವನಿಗೆ ನಗು ತಡೆಯಲಾಗಲಿಲ್ಲ. ಪಂಕಜ ನಗಲಿಲ್ಲ. ನಾನು ಕೊನೆಯ ಪುಟ ತೆಗೆದೆ.

ನಾನು: 'ಈಶ್ವರಮಂಗಲ ಪೇಟೆಯಲ್ಲಿ ಸದರಿ ಬಸ್ಸು ನಿಂತ ಸ್ಥಳದ ಚತುಃಸೀಮೆ: ಪೂರ್ವಕ್ಕೆ ಸುಳ್ಯದ ಕಡೆಗೆ ಹೋಗುವ ದಾರಿ. ದಕ್ಷಿಣಕ್ಕೆ ಕೇರಳದ ಕಡೆಗೆ ಹೋಗುವ ದಾರಿ. ಪಶ್ಚಿಮಕ್ಕೆ ಒಂದು ಹೋಟೆಲು. ಉತ್ತರಕ್ಕೆ ನಾನು ಬಂದ ದಾರಿ. ಇವುಗಳಲ್ಲಿ ಯಾವ ಕಡೆಗೆ ಹೋಗಲೂ ನನಗೆ ಯಾರ ಅಡ್ಡಿ ಆತಂಕವೂ ಇರಲಿಲ್ಲ. ಆದರೂ ನಾನು ಬಸ್ಸಿನಿಂದ ಇಳಿಯಲಿಲ್ಲ. ಪುತ್ತೂರಿಗೆ ಒಂದು ಟಿಕೆಟ್ ಕೇಳಿದೆ. ಬಿಟ್ಟು ಹೋದವನು ಎರಡೇ ಗಂಟೆಯಲ್ಲಿ ಮನೆಗೆ ಬಂದರೆ ಮರ್ಯಾದೆಗೆ ಕಡಿಮೆಯೆಂದು, ಸಂಜೆಯವರೆಗೆ ಆಫೀಸಿನಲ್ಲಿ ಕಣ್ಣು ಕಾಣದೆ ಸುಮ್ಮನೆ ಕುಳಿತಿದ್ದೆ.'

ಯಾರೂ ಮಾತಾಡಲಿಲ್ಲ. ನನ್ನ ಕತೆಯಲ್ಲಿ ಬರೆದ ಮೌನ ಇದಕ್ಕಿಂತ ಬಹಳ ಹಗುರವಾಗಿತ್ತು.

ಪಂಕಜ: ಇದು ಕತೆಯಲ್ಲಿ ಯಾಕೆ ಇಲ್ಲ?

ನಾನು: ಯಾವುದು?

ಪಂಕಜ: ಪುತ್ತೂರಿಗೆ ಟಿಕೆಟ್ ಕೇಳಿದ್ದು.

ನಾನು: ಹಿಂದೆ ಬಂದ್ರೆ ಅದು ಕತೆ ಆಗುದಿಲ್ಲ ಪಂಕಜ. ಹೋದ್ರೆ ಮಾತ್ರ.

ಪಂಕಜ: ಹೋದದ್ದನ್ನು ಊರಿಗೆಲ್ಲ ಹೇಳಿದ್ರಿ. ಬಂದದ್ದನ್ನು ನನಗೂ ಹೇಳ್ಲಿಲ್ಲ.

ನಾನು: ನಾಚಿಕೆ ಆಯ್ತು. ಅದಕ್ಕೇ ಬಿಟ್ಟದ್ದು. ಸಂಯಮ ಗಿಂಯಮ ಎಲ್ಲ ಮತ್ತೆ ಸೇರಿಸಿದ್ದು.

ಇದನ್ನು ನಾನು ಇದುವರೆಗೆ ನನಗೂ ಹೇಳಿಕೊಂಡಿರಲಿಲ್ಲ. ಹೇಳಿದ ಮೇಲೆ, ಸಂಪಾದಕರ ಟಿಪ್ಪಣಿಯ ನೆನಪಾಗಿ ಕಿವಿ ಬಿಸಿಯಾಯಿತು.

ಪಂಕಜ: ಈಶ್ವರಮಂಗಲ ಅಂತ ನನಗೆ ಗೊತ್ತಿತ್ತು.

ನಾನು: ಹೇಗೆ?

ಪಂಕಜ: ಆ ಬಸ್ಸಿನ ಕಂಡಕ್ಟರ್ ಜಾಸಿರ್, ಫೌಝಿಯಾಳ ತಮ್ಮ. ಅಲ್ಲಿಂದಲೇ ಫೋನು ಮಾಡಿದ. ಅಕ್ಕ, ರೈಗಳು ಇಳಿಯುದಿಲ್ಲ, ಕೂತಲ್ಲೇ ಕೂತು ಪುತ್ತೂರಿಗೆ ಟಿಕೆಟ್ ಕೇಳ್ತಾ ಇದ್ದಾರೆ, ಮೈಗೆ ಸಮ ಇಲ್ಲವಾ ಅಂತ. ನೀವು ಯಾವುದೋ ಜಾಗ ನೋಡ್ಲಿಕ್ಕೆ ಹೋಗಿ ಇಳಿಲಿಕ್ಕೆ ಮರೆತು ಕೂತದ್ದು ಅಂತ ಗ್ರಹಿಸಿ, ನೆನಪಾದಾಗೆಲ್ಲ ಒಬ್ಬಳೇ ನಕ್ಕಿದ್ದೇನೆ. ಏಳು ತಿಂಗಳು ನಕ್ಕಿದ್ದೇನೆ. ಮೊನ್ನೆ ಪತ್ರಿಕೆಯಲ್ಲಿ ಅಂಗಿ ಓದಿದ ಮೇಲೆ ಹೆದರಿಕೆ ಆಯ್ತು. ಆಗಿ ಹೋದದ್ದಕ್ಕೆ ಈಗ ಹೆದರಿದ್ದು.

ನಾನು: ಮತ್ತೆ ಬೆಳಿಗ್ಗೆಯಿಂದ ಯಾವ ಬಸ್ಸು, ಯಾವ ಬಸ್ಸು ಅಂತ ಕೇಳಿದ್ದು?

ಪಂಕಜ: ನೀವು ಹೇಳ್ತೀರಾ ಅಂತ ನೋಡಿದ್ದು. ಮತ್ತೆ ಆ ಚಟ್ನಿ ಉಳಿಯಲೇ ಇಲ್ಲ. ನೀವು ಹೋದ ಸಿಟ್ಟಿಗೆ ಎಂಟು ದೋಸೆ ನಾನೇ ತಿಂದೆ, ಚಟ್ನಿ ಬಟ್ಟಲನ್ನು ಬೆರಳಲ್ಲಿ ಒರೆಸಿ. ಶೂನ್ಯ ಅಂತ ಅವರು ಬರೆದದ್ದು ಅದೊಂದು ಸರಿ.

ಅವಳು ನನ್ನ ಕೈಯಿಂದ ನಾಲ್ಕೂ ಪುಟ ತೆಗೆದುಕೊಂಡಳು. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಿಂದ ಹೊಡೆಯುತ್ತ ಬಂದಳು. ಪ್ರಾಯ ಹೋಯಿತು. ಒತ್ತಾಯ ಹೋಯಿತು. ದೋಸೆ, ಮಡಿಕೇರಿ, ಸ್ವಾಭಿಮಾನ, ಕನ್ನಡಕ, ಚತುಃಸೀಮೆ, ಎಲ್ಲ ಹೋಯಿತು. ನಾನು ಐದು ತಿಂಗಳು ಕಡಿದದ್ದನ್ನು ಅವಳು ಐದು ನಿಮಿಷದಲ್ಲಿ ಕಡಿದಳು. ಅಂಗಿಗಳ ಮೇಲೆ ಚಾಕ್‌ಪೀಸು ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಅವೂ ಹೋದವು.

ಪಂಕಜ: ಇದೊಂದು ಸಾಕು. ಛಾಪಾ ಕಾಗದದಲ್ಲಿ ಬರೀರಿ.

ಉಳಿದಿದ್ದದ್ದು ಒಂದೇ ವಾಕ್ಯ: 'ಪುತ್ತೂರಿಗೆ ಒಂದು ಟಿಕೆಟ್ ಕೇಳಿದೆ.'

ಭಾವ: ಇಷ್ಟೇಯಾ? ಓದಿದವರಿಗೆ ಎಂತ ಗೊತ್ತಾಗ್ತದೆ?

ಪಂಕಜ: ಓದುದು ನಾನು. ನನಗೆ ಉಳಿದದ್ದೆಲ್ಲ ಈಗ ಗೊತ್ತುಂಟಲ್ಲ.

ಇಪ್ಪತ್ತು ವರ್ಷಗಳಿಂದ ನಾನು ಬರೆಯಲು ಹೆಣಗಿದ ಕತೆ ಇದೇ ಎಂದು ನನಗೆ ಆಗ ಹೊಳೆಯಿತು. ಹೊಟ್ಟೆಕಿಚ್ಚೂ ಆಯಿತು. ಛಾಪಾ ಕಾಗದದಲ್ಲಿ ಆ ವಾಕ್ಯವನ್ನು ದುಂಡಗೆ ಬರೆದು ಸಹಿ ಹಾಕಿದೆ.

ಭಾವ: ಆಗುದಿಲ್ಲ. ಒಬ್ಬರೇ ಬರೆದುಕೊಟ್ರೆ ಒಪ್ಪಂದ ಹೇಗಾಗ್ತದೆ? ಎರಡನೇ ಪಾರ್ಟಿಯದ್ದು ಎಂತಾದ್ರೂ ಬೇಕು. ಮತ್ತೆ ಖಾಲಿ ಜಾಗಕ್ಕೆ ಗೆರೆ ಎಳೀಬೇಕು, ಇಲ್ಲದಿದ್ರೆ ನಾಳೆ ಯಾರಾದ್ರೂ ಸೇರಿಸ್ತಾರೆ.

ಪಂಕಜ ಪೆನ್ನು ತೆಗೆದುಕೊಂಡಳು. ರವಿಕೆಯ ಅಳತೆ ಬರೆಯುವ ಸಣ್ಣ ಅಕ್ಷರದಲ್ಲಿ ನನ್ನ ಸಹಿಯ ಕೆಳಗೆ ಒಂದು ಸಾಲು ಬರೆದು, ಹೆಸರು ಹಾಕಿ ನನ್ನ ಕಡೆ ತಳ್ಳಿದಳು. 'ನಾನು ಅಕ್ಕಿ ನೆನೆ ಹಾಕಿದೆ.'

ಆ ದಿನ ಸಂಜೆಯೂ ನೀರುದೋಸೆಯೇ ಇದ್ದದ್ದು ನೆನಪಾಯಿತು. ಬೆಳಗಿನ ಹಿಟ್ಟು ಉಳಿದಿತ್ತೆಂದು ತಿಳಿದು, ಗೆದ್ದವನ ಗತ್ತಿನಲ್ಲಿ ಆರು ತಿಂದಿದ್ದೆ. ಬೆಳಗಿನ ಎಂಟು ದೋಸೆಯಲ್ಲಿ ಹಿಟ್ಟು ಮುಗಿದಿದ್ದರೆ, ಈ ಅಕ್ಕಿ ಅವಳು ಆಮೇಲೆ ಬೇರೆ ನೆನೆ ಹಾಕಿದ್ದು. ಆದರೆ ಯಾವಾಗ? ನಾನು ಬರುತ್ತೇನೆಂದು ಗೊತ್ತಾದ ಮೇಲೆ ಹಾಕಿದ್ದೋ, ಗೊತ್ತಿಲ್ಲದೆಯೇ ಹಾಕಿದ್ದೋ? ಇದ್ದಕ್ಕಿದ್ದಂತೆ ನನಗೆ ಜಗತ್ತಿನಲ್ಲಿ ಬೇರೆ ಯಾವುದೂ ಮುಖ್ಯವಲ್ಲ ಎನಿಸಿತು.

ನಾನು: ಪಂಕಜ, ಇದು ಯಾವಾಗ?

ಪಂಕಜ: ಯಾವುದು?

ನಾನು: ಅಕ್ಕಿ ಹಾಕಿದ್ದು. ಜಾಸಿರ್ ಫೋನು ಮಾಡುವ ಮೊದಲಾ? ಮಾಡಿದ ಮೇಲೆಯಾ?

ಭಾವ ಸಾಕ್ಷಿಯ ಸಹಿ ಹಾಕಿ, ಖಾಲಿ ಜಾಗಕ್ಕೆ ಗೆರೆ ಎಳೆಯಲು ಸ್ಕೇಲು ಹುಡುಕುತ್ತಿದ್ದರು. ಪಂಕಜ ಫೌಝಿಯಾಳ ರವಿಕೆಯನ್ನು ಮೆಷಿನಿಗೆ ಸರಿಪಡಿಸಿಟ್ಟು, ಪೆಡಲಿನ ಮೇಲೆ ಕಾಲಿಟ್ಟಳು.

ಪಂಕಜ: ಅದು ಓದುಗರಿಗೆ ಬಿಟ್ಟದ್ದು.